ಆಯ್ತು ಬಿಡಿ

ಜೋಗುಪಾಳ್ಯ, ಹಲಸೂರು
೧೭ ನವೆಂಬರ್ ೨೦೨೪, ಭಾನುವಾರ

ಗೆಳತಿ ಇಮಾಮ್ ಬೀಗೆ, ಆಂಜನಮ್ಮ ಬರೆಯುವುದು.

ಮುಳಬಾಗಿಲಿನ ಗಾಳಿ ನಿನ್ನ ಮಂಡಿಗೆ ಒಗ್ಗಿತೇ? ನಿನ್ನ ಕಾಗದ ಬಂದದ್ದು ರಂಜಾನ್ ಕಳೆದ ಮೇಲೆ. ಉತ್ತರ ಈಗ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ; ನಾನು ಕಿರುಚಿದರೆ ಪಕ್ಕದ ಮನೆಯವರು ಜಗಳ ಅಂದುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಅಕ್ಷರ ಸೊಟ್ಟಗಿದೆ. ಬುಷ್ರಾ, ಕಂದಾ, ನಿಮ್ಮ ಅಜ್ಜಿಗೆ ನಿಧಾನವಾಗಿ, ಜೋರಾಗಿ ಓದು. ಬೈಗುಳ ಬಂದ ಕಡೆ ನುಂಗಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗಳು ಭಾಗ್ಯಲಕ್ಷ್ಮಿಯೂ ಚೆನ್ನಾಗಿದ್ದಾಳೆ. ನನ್ನ ಇಡ್ಲಿ ಗಾಡಿ ನಡೆಯುತ್ತಿದೆ. ನಾವಿಬ್ಬರೂ ಇದ್ದ ವಠಾರ ಕೆಡವಿ ಐದು ಅಂತಸ್ತು ಏರಿಸುತ್ತಿದ್ದಾರೆ. ನಿನ್ನ ಅಡುಗೆಮನೆ ಇದ್ದ ಜಾಗದಲ್ಲಿ ಈಗ ಲಿಫ್ಟಿನ ಗುಂಡಿ.

'ನೀನು ದೊಡ್ಡೋರ ಜೊತೆ ಮೀಟಿಂಗಲ್ಲಿ ಕೂರ್ತೀಯಂತೆ, ನಿಜಾನಾ' ಎಂದು ನೀನು ಕಾಗದದಲ್ಲಿ ಕೇಳಿದ್ದೆ. ನಿಜ. ಅದನ್ನು ಹೇಳಲಿಕ್ಕೇ ಕೂತೆ. ಹೇಸಿಗೆಯ ವಿಷಯ, ಊಟ ಆಗಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಓದಿಸಿಕೋ.

ನಮ್ಮ ಬೀದಿಯ ಮೂರ್ಛೆರೋಗದ ಸೆಂಟರ್ ನಿನಗೆ ಗೊತ್ತಲ್ಲ. ಭಾಗ್ಯಳಿಗೆ ಚಿಕ್ಕಂದಿನಿಂದ ಬರುತ್ತಿದ್ದ ಫಿಟ್ಸ್ ನಿಂತದ್ದು ಅಲ್ಲಿ ಕೊಡುವ ಮಾತ್ರೆಯಿಂದ. ದಿನವೂ ನುಂಗಬೇಕು. ತಪ್ಪಿದರೆ ಬೀಳುತ್ತಾಳೆ. ಆ ಸೆಂಟರ್ ನಡೆಸುವುದು ದೇಶದ ತುಂಬ ಕೈಚಾಚಿರುವ ಒಂದು ದೊಡ್ಡ ಸೇವಾಸಂಸ್ಥೆ. ಎರಡು ವರ್ಷದ ಹಿಂದೆ ಡಾಕ್ಟರು ತಡವಾಗಿ ಬಂದರೆಂದು ನಾನು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಾಗ, ಡೆಲ್ಲಿ ಆಫೀಸಿನಿಂದ ಬಂದಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ಈ ದನಿ ನಮ್ಮ ಬೋರ್ಡಿಗೆ ಬೇಕು ಅಂದಳಂತೆ. ರೋಗಿಗಳ ಮನೆಯಿಂದ ಒಬ್ಬರು ಬೋರ್ಡಿನಲ್ಲಿ ಇರಲೇಬೇಕೆಂದು ಅವರ ಕಟ್ಟಳೆ. ಯಾವುದಾದರೂ ಸೆಂಟರ್ ಮುಚ್ಚುವುದಿದ್ದರೆ ಆ ಒಬ್ಬರು ಒಪ್ಪಬೇಕು. ಆ ಒಬ್ಬಳು ನಾನು. ಇದನ್ನು ನೆನಪಿಟ್ಟುಕೊಂಡು ಮುಂದೆ ಕೇಳು.

ಮೊದಲನೇ ಮೀಟಿಂಗಿನಲ್ಲಿ ಶಾಲು ಹೊದಿಸಿದರು. ಶಾಲು ಹೊದಿಸಿದವನು ಕೈಕುಲುಕಿ, ಹೋಗಿ ಕೂತು, ಮೇಜಿನ ಕೆಳಗೆ ಕಾಗದದ ಕರ್ಚೀಫಿನಿಂದ ಬೆರಳು ಒರೆಸಿಕೊಂಡ. ಅವನ ತಲೆಯ ಹಿಂದೆಯೇ ಗೋಡೆಯ ಮೇಲೆ 'ಮೂರ್ಛೆರೋಗ ಅಂಟುವುದಿಲ್ಲ' ಎಂದು ಹಲಗೆಯಷ್ಟು ದೊಡ್ಡ ಚಿತ್ರ. ಎರಡನೇ ಸಲ ಹೋದಾಗ ಒಬ್ಬಳು ನಗುನಗುತ್ತಾ ಕೇಳಿದಳು, ನನ್ನ ಮಗಳು ಬಿದ್ದಾಗ ತೆಗೆದ ವಿಡಿಯೋ ಇದೆಯಾ, ಇದ್ದರೆ ಜನರ ಮನಸ್ಸು ಕರಗುತ್ತದೆ ಎಂದು. 'ನಿಮ್ಮ ಮಗಳು ಕಕ್ಕಸಿಗೆ ಕೂತಾಗ ತೆಗ್ದಿದ್ರೆ ಮೊದಲು ಅದನ್ನ ತೋರ್ಸಿ, ಆಮೇಲೆ ನಾನು ಹುಡುಕ್ತೀನಿ' ಅಂದೆ. ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿದ್ದವನು ನರೇಶ ಅಂತ, ಬಾಣಸವಾಡಿಯ ಹುಡುಗ, ಇಲ್ಲಿನ ಆಫೀಸು ನೋಡಿಕೊಳ್ಳುತ್ತಾನೆ. ಏನು ತಿರುಗಿಸಿದನೋ, ಆ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡು ಥ್ಯಾಂಕ್ಯೂ ಅಂದಳು.

ಆಗಸ್ಟಿನಲ್ಲಿ ಇಂದಿರಾನಗರದ ಹೋಟೆಲಿನಲ್ಲಿ ಸೇರಿದ್ದೆವು. ಅರ್ಧ ಜನ ಮೇಜಿನ ಸುತ್ತ, ಉಳಿದವರು ಗೋಡೆಯ ಮೇಲಿನ ಟೀವಿಯಲ್ಲಿ. ಟೀವಿಯೊಳಗಿದ್ದವನೊಬ್ಬ ಮಾವಿನಹಣ್ಣು ಚೀಪುತ್ತಿದ್ದ, ತನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡು. ಅವತ್ತಿನ ಮಾತು ಇಷ್ಟು: ಮಾತ್ರೆ ಕೊಡುವ ಸೆಂಟರ್‌ಗಳನ್ನು ಮುಚ್ಚುವುದು, ಬದಲಿಗೆ ಮೊಬೈಲಿನಲ್ಲಿ ಕೇಳಿದವರಿಗೆ ಕೊರಿಯರಿನಲ್ಲಿ ಕಳಿಸುವುದು, ಉಳಿದ ದುಡ್ಡಿನಲ್ಲಿ ಜಾಗೃತಿ ಮೂಡಿಸುವುದು. ಜಾಗೃತಿ ಅಂದರೆ ಏನು ಅಂತ ಒಂದು ಸಿನಿಮಾ ತೋರಿಸಿದರು. ಬಿಳೀ ಬಟ್ಟೆ ಹಾಕಿಕೊಂಡ ಹುಡುಗಿ ಹುಲ್ಲಿನ ಮೇಲೆ ಹೂವು ಉದುರಿದಂತೆ ಬೀಳುತ್ತಾಳೆ, ಕೊಳಲು ಊದುತ್ತಾರೆ. ಬಾಯಲ್ಲಿ ನೊರೆ ಇಲ್ಲ, ಬಟ್ಟೆ ಒದ್ದೆಯಾಗಿಲ್ಲ.

ನಾನು ಎದ್ದು ನಿಂತು ಹೇಳಿದೆ. 'ಬಾಗಿಲು ಹಾಕ್ಬೇಡಿ. ನಮ್ಮ ಬೀದೀಲಿ ಎಷ್ಟೋ ಮನೇಲಿ ಮೊಬೈಲ್ ಒತ್ತೋಕೆ ಬರಲ್ಲ. ಕೊರಿಯರ್‌ನೋನು ನಮ್ಮ ಸಂದಿ ಸಿಗ್ಲಿಲ್ಲ ಅಂತ ವಾಪಸ್ ಹೋಗ್ತಾನೆ. ಮಾತ್ರೆ ತಪ್ಪಿದ್ರೆ ಮಕ್ಕಳು ಬೀಳ್ತವೆ.' ಅಧ್ಯಕ್ಷ ಕಣ್ಣು ಅರ್ಧ ಮುಚ್ಚಿ ಕೇಳಿದ. ಆಮೇಲೆ ಅವನು ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡಿದ. 'ಏನಂತಪ್ಪ?' ಅಂದೆ. 'ನಿಮ್ಮ ಭಾವನೆ ಅವ್ರಿಗೆ ಅರ್ಥ ಆಗಿದೆಯಂತೆ ಅಮ್ಮ' ಅಂದ ನರೇಶ. ಮತ್ತೆ ಹೇಳಿದೆ. ಮತ್ತೆ ಅರ್ಥವಾಯಿತು. ಮೂರನೇ ಸಲ ಬಾಯಿ ತೆಗೆಯುವಷ್ಟರಲ್ಲಿ ಸಮೋಸ ತಂದಿಟ್ಟರು. ಎಲ್ಲರೂ ತಟ್ಟೆಯ ಕಡೆ ಬಾಗಿದರು. ಅಧ್ಯಕ್ಷ ಬಾಯಲ್ಲಿ ಸಮೋಸ ಇಟ್ಟುಕೊಂಡೇ, 'ಆಂಜನಮ್ಮಾಜಿ, ಓಕೆ?' ಅಂದ.

ತಟ್ಟೆ ಆಚೆ ತಳ್ಳಿ, 'ಆಯ್ತು ಬಿಡಿ' ಅಂದು ಕೈ ತೊಳೆಯಲು ಹೊರಟೆ. ಹಿಂದೆ ಚಪ್ಪಾಳೆ ಕೇಳಿಸಿತು. ಸಮೋಸಕ್ಕೂ ತಟ್ಟುತ್ತಾರೇನೋ ಅಂದುಕೊಂಡೆ, ಅವರು ತಟ್ಟುವ ಜನವೇ.

ಸೆಪ್ಟೆಂಬರಿನಲ್ಲಿ ಮಾತ್ರೆಗೆ ಹೋದರೆ ಸೆಂಟರಿಗೆ ಬೀಗ. ಬಾಗಿಲ ಮುಂದೆ ಜನ ನಿಂತಿದ್ದಾರೆ, ಗರುಡಾಚಾರ್‌ಪಾಳ್ಯದಿಂದ ಬಸ್ಸಿನಲ್ಲಿ ಬಂದವರೂ ಇದ್ದಾರೆ. ನರೇಶ ಹಿಂಬಾಗಿಲಿನಿಂದ ಕುರ್ಚಿ ಸಾಗಿಸುತ್ತಿದ್ದ. ಅವನ ಕಾಲರ್ ಹಿಡಿದೆ.

'ಯಾರ್ನ ಕೇಳಿ ಮುಚ್ಚಿದ್ರೋ?'

'ಅಮ್ಮ, ನಿಮ್ಮನ್ನೇ. ಎಲ್ರೂ ಒಪ್ಪಿದ್ರು. ನೀವೂ ಆಯ್ತು ಬಿಡಿ ಅಂದ್ರಲ್ಲ. ನಾನೇ ಹೇಳ್ದೆ, ಅಮ್ಮ ಒಪ್ಪಿದ್ರು ಅಂತ.'

ಅಷ್ಟೂ ಜನ ನನ್ನ ಮುಖ ನೋಡಿದರು, ಇಮಾಮ್ ಬೀ. ನಮ್ಮ ಸಂದಿಯ ಬಸಣ್ಣನೂ ಅಲ್ಲೇ ಇದ್ದ.

'ನಿನಗೆ ತಾಯಿ ಇದ್ದಾಳೇನೋ?' ಅಂದೆ.

'ಇದ್ದಾರೆ.'

'ನೀನು ತಡವಾಗಿ ಮನೆಗೆ ಹೋದಾಗ ಅವಳು ಆಯ್ತು ಬಿಡಪ್ಪ ಅಂತಾಳಲ್ಲ, ಆಗ ನಿನಗೆ ಖುಷಿ ಆಗುತ್ತಾ?'

ಅವನು ತಲೆ ಕೆಳಗೆ ಹಾಕಿದ. 'ಇಲ್ಲಮ್ಮ. ಹೆದರಿಕೆ ಆಗುತ್ತೆ.'

'ಮತ್ತೆ ನನ್ನ ಬಾಯಲ್ಲಿ ಬಂದ್ರೆ ಒಪ್ಪಿಗೆ ಹೆಂಗಾಯ್ತು?'

'ಅವ್ರು ಓಕೆನಾ ಅಂತ ಕೇಳಿದ್ರು. ನೀವು ಆಯ್ತು ಅಂದ್ರಿ. ಇಂಗ್ಲಿಷಲ್ಲಿ ಅದಕ್ಕೆ ಬೇರೆ ಮಾತಿಲ್ಲ ಅಮ್ಮ.'

ಕಾಲರ್ ಬಿಟ್ಟೆ. ಹುಡುಗನಿಗೆ ಸಂಬಳದ ಭಯ, ಅವನನ್ನು ಎಷ್ಟು ಹಿಡಿದರೆ ಏನು. ಅವನ ಕೈಯಿಂದಲೇ ಅಧ್ಯಕ್ಷನಿಗೆ ಫೋನ್ ಮಾಡಿಸಿದೆ. ಆಂಜನಮ್ಮ ಒಪ್ಪಿಲ್ಲ, ಬೈದದ್ದು ಅದು, ಹಾಗಂತ ಹೇಳು ಅಂದೆ. ಆ ಕಡೆಯಿಂದ ನಗು ಕೇಳಿಸಿತು. ಮುಂದಿನ ಮೀಟಿಂಗ್ ಜನವರಿಗೆ, ಆಗ ನೋಡೋಣವಂತೆ. ದೀಪಾವಳಿಗೆ ಸ್ವೀಟ್ ಬಾಕ್ಸ್ ಕಳಿಸಿದರು, ಮೇಲೆ ಆ ಬಿಳೀ ಬಟ್ಟೆ ಹುಡುಗಿಯ ಚಿತ್ರ. ಬೀದಿನಾಯಿಗೂ ಹಾಕಲಿಲ್ಲ. ಪಾಪ, ಅದೇನು ತಪ್ಪು ಮಾಡಿತ್ತು.

ಬಿಟ್ಟುಬಿಡು ಅನ್ನುತ್ತಾಳೆ ಎದುರುಮನೆ ಮುನಿಗಂಗಮ್ಮ. ಬಿಡುವುದಿಲ್ಲ. ಬಿಟ್ಟರೆ ನನ್ನ ಕುರ್ಚಿಗೆ ನಗುವವಳೊಬ್ಬಳನ್ನು ತಂದು ಕೂರಿಸುತ್ತಾರೆ. ಜನವರಿಗೆ ಹೋಗಿ 'ಬೇಡ' ಅನ್ನುತ್ತೇನೆ. ಹಿಂದೆ ಮುಂದೆ ಏನೂ ಸೇರಿಸುವುದಿಲ್ಲ. ಅದಕ್ಕೂ ಇಂಗ್ಲಿಷಿನಲ್ಲಿ ಮಾತಿಲ್ಲ ಅಂದರೆ ಆಗ ನೋಡುತ್ತೇನೆ.

ನಿನ್ನ ಮಗಳು ಮಹೀನಳಿಗೆ ನಾನು ಕೇಳಿದೆನೆಂದು ಹೇಳು. ಬುಷ್ರಾ, ನೀನು ಚೆನ್ನಾಗಿ ಓದು, ನಮ್ಮಿಬ್ಬರ ಹಾಗೆ ಅರ್ಧಕ್ಕೆ ಬಿಡಬೇಡ, ನಿನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸುವ ಗತಿ ನಿನಗೆ ಬರದಿರಲಿ. ಇಮಾಮ್ ಬೀ, ನಿನ್ನ ದೇವರೋ ನನ್ನ ದೇವರೋ, ಯಾರು ಎಚ್ಚರವಾಗಿದ್ದಾರೋ ಅವರು ನಿನ್ನ ಮಂಡಿ ನೋಡಿಕೊಳ್ಳಲಿ.

ನಿನ್ನ
ಆಂಜನಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಭಾಗ್ಯ ಚೆನ್ನಾಗಿದ್ದಾಳೆ ಅಂತ ಮೇಲೆ ಬರೆದದ್ದು ಸುಳ್ಳು. ದೀಪಾವಳಿ ರಜೆಯಲ್ಲಿ ಕೊರಿಯರ್ ಬರಲಿಲ್ಲ. ಮಾತ್ರೆ ಮುಗಿದಿತ್ತು. ಅಂಗಡಿ ಅಂಗಡಿ ಸುತ್ತಿದೆ, ಆ ಮಾತ್ರೆ ಎಲ್ಲೂ ಇರಲಿಲ್ಲ. ಅವಳು ಕೆಲಸ ಮಾಡುವ ಬೇಕರಿಯಲ್ಲೇ, ಗಿರಾಕಿಗಳ ಎದುರಿಗೇ ಬಿದ್ದಳು. ನಾನು ಓಡಿಹೋಗುವಷ್ಟರಲ್ಲಿ ಒಬ್ಬ ಅವಳ ಕೈಗೆ ಬೀಗದಕೈ ತುರುಕಿದ್ದ, ಇನ್ನೊಬ್ಬ ಕಾಲಿನ ಚಪ್ಪಲಿ ಬಿಚ್ಚಿ ಮೂಗಿಗೆ ಒತ್ತಿ ಹಿಡಿದಿದ್ದ. ವಠಾರದಲ್ಲಿ ನೀನು 'ಹಟೋ ಹಟೋ' ಅಂತ ಎಲ್ಲರನ್ನೂ ಓಡಿಸಿ, ಅವಳನ್ನು ಪಕ್ಕಕ್ಕೆ ಹೊರಳಿಸಿ ತಲೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆಯಲ್ಲ, ಅವತ್ತು ಅಲ್ಲಿ ನೀನಿರಲಿಲ್ಲ. ಬೇಕರಿಯವನು, ಪೂರ್ತಿ ಹುಷಾರಾದ ಮೇಲೆ ನೋಡೋಣಮ್ಮ ಅಂದ. ಅವನು ಮತ್ತೆ ಕರೆಯುವುದಿಲ್ಲ.

ಸಂಜೆ ಬಾಯಿ ಮುಕ್ಕಳಿಸುತ್ತಾ ಕೇಳಿದಳು, ತುಟಿ ಸೀಳಿತ್ತು. 'ಅಮ್ಮ, ಸೆಂಟರ್ ಮುಚ್ಚೋಕೆ ನೀನೇ ಒಪ್ಪಿದ್ದಂತೆ, ಬಸಣ್ಣ ಹೇಳ್ದ.' ನಾನು ಎಲ್ಲ ಹೇಳಿದೆ, ಸಮೋಸ, ಚಪ್ಪಾಳೆ, ಎಲ್ಲ. ಅವಳು ಕೇಳಿಸಿಕೊಂಡಳು. 'ಆಯ್ತು ಬಿಡಮ್ಮ' ಅಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಅವಳು ಅಂದದ್ದು ಯಾವ ಆಯ್ತು, ಇಮಾಮ್ ಬೀ? ಅಷ್ಟು ಬೈಯುವ ನನಗೆ ಇದೊಂದು ಕೇಳಲು ಬಾಯಿ ಬರುತ್ತಿಲ್ಲ. ಮಂಡಿ ಸ್ವಲ್ಪ ಸರಿಹೋದರೆ ಒಂದು ಸಲ ಬಾ. ನಿನಗೆ ಕಿವಿ ಕೇಳದಿದ್ದರೂ ಅವಳ ಮುಖ ನೋಡಿದರೆ ತಿಳಿಯುತ್ತದೆ.