ಮುಂದಿನ ಸೀಟಿನ ಪೆಡಲು

ಅಣ್ಣಾ,

ಕೆರೆ ನಿನ್ನನ್ನು ನುಂಗಿದ ಮೇಲೆ ಇವತ್ತೇ ಮೊದಲ ಸಲ ನಿನ್ನ ಪೆಡಲ್ ದೋಣಿಯನ್ನು ನೀರಿಗಿಳಿಸಿದೆ. ಆ ಎರಡು ಸೀಟಿನ ಆನೆಯನ್ನು ಒಬ್ಬನೇ ಎಳೆಯುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಹಿಂದಿನ ಸೀಟಿನಲ್ಲಿ ಕೂತು, ಗಾಳ ಬಿಟ್ಟು ನನ್ನ ಪೆಡಲು ತುಳಿಯುತ್ತಿದ್ದೆ. ಮುಂದೆ, ನಿನ್ನ ಖಾಲಿ ಸೀಟಿನೆದುರು, ಪೆಡಲುಗಳು ತಾವಾಗಿಯೇ ತಿರುಗತೊಡಗಿದವು. ತುಳಿಯುವುದನ್ನು ನಿಲ್ಲಿಸಿದೆ. ಅವು ಇನ್ನೂ ನಾಲ್ಕು ಸುತ್ತು ತಿರುಗಿ ನಿಂತವು.

ದಡಕ್ಕೆ ಬಂದು ಹೇಳಿದಾಗ ದೋಣಿ ರಿಪೇರಿಯವನು ನಕ್ಕ. "ದೋಣಿ ಓಡ್ತಿದ್ರೆ ನೀರಿನ ರಭಸಕ್ಕೆ ಕೆಳಗಿನ ಫ್ಯಾನ್ ತಿರುಗುತ್ತೆ, ಜೊತೆಗೆ ಪೆಡಲೂ ತಿರುಗುತ್ತೆ. ಮುಂದಿನ ಫ್ಯಾನ್ ಮೇಲಕ್ಕೆತ್ತಿ ಕಟ್ಬಿಡಿ."

ನಾನು ಕಟ್ಟಲಿಲ್ಲ.

ಕೊನೆಯ ಸಲ ಕೆರೆಗೆ ಹೊರಟ ಆ ಬೆಳಿಗ್ಗೆ ನೀನು ಬಾಗಿಲಲ್ಲಿ ನಿಂತು, "ಏಳೋ, ಒಬ್ಬನಿಗೆ ಆ ದೋಣಿ ಭಾರ" ಎಂದು ಎರಡು ಸಲ ಕರೆದೆ. ಮುಸುಕಿನೊಳಗೆ ನಾನು ಎಚ್ಚರವಾಗಿಯೇ ಇದ್ದೆ.