ಹಿಡಿದೆ ಎನ್ನುವವರೆಗೆ

ಅತ್ತಿಗೆ,

ಚೆನ್ನಾಗಿದ್ದೀರಾ ಎಂದು ಕೇಳಲು ನಾಲಿಗೆ ಏಳುತ್ತಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಲ್ಯಾಬಿನಲ್ಲಿ ನನ್ನ ಕೆಲಸ ಮುಗಿಯಿತು. ಹೊರಟಾಗ ನೀವು ಬಾಗಿಲಲ್ಲಿ ನಿಂತು ಹೇಳಿದ್ದಿರಿ: "ಅವರ ತಪ್ಪಿತ್ತಾ ಇಲ್ವಾ, ಅಷ್ಟು ತಿಳ್ಕೊಂಡು ಬಾ. ನನ್ನ ಮುಖ ನೋಡಿ ಸಕ್ಕರೆ ಬೆರೆಸ್ಬೇಡ." ಎದುರು ಕೂತು ಹೇಳಿದರೆ ಬೆರೆಸಿಬಿಡುತ್ತೇನೆಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವುದು ಇಷ್ಟು. ಅಣ್ಣ ಹೋಗಿ ಅರ್ಧ ವರ್ಷವಾದ ಮೇಲೆ ಅವನು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ಲ್ಯಾಬಿನಲ್ಲಿ ಕರೆಂಟ್ ಹೋಯಿತು, ರೋಗಿಗಳ ರೀಡಿಂಗುಗಳು ನಾಶವಾದವು, ಅದು "ಹಳೇ ಅಡ್ಮಿನ್ ಮಾಡಿಟ್ಟ ಎಡವಟ್ಟು" ಎಂದು ಮುಖ್ಯಸ್ಥರು ಎಲ್ಲರೆದುರು ಹೇಳಿದರು. ನನ್ನನ್ನು ಕರೆಸಿದ್ದು ಅದಾದ ಮೇಲೆ. ರಿಪೇರಿಯವರು ಸೆಟ್ಟಿಂಗುಗಳನ್ನೆಲ್ಲ ಮೂಲ ಸ್ಥಿತಿಗೆ ತಂದು ಹೋಗಿದ್ದರು, ಮಾಹಿತಿ ಕೂಡಿಡುವ ಸ್ಟೋರೇಜ್ ಹಿಂದಿನಂತೆ ಮತ್ತೆ ತೆವಳತೊಡಗಿತ್ತು. "ನಿಧಾನ ಯಾಕೆ ಅಂತ ನೋಡಿ, ಹಾಗೇ ಒಂದು ವರದಿನೂ ಬರ್ಕೊಡಿ" ಎಂದರು ಮುಖ್ಯಸ್ಥರು. "ತಮ್ಮನೇ ಬರೆದ್ರೆ ಯಾರೂ ಎದುರು ಮಾತಾಡಲ್ಲ ನೋಡಿ."

ಕೋಣೆಗೆ ಕಿಟಕಿಯಿಲ್ಲ. ಫ್ಯಾನುಗಳ ಸದ್ದಿಗೆ ಎಲ್ಲರೂ ಗಂಟಲು ಎತ್ತರಿಸಿಯೇ ಮಾತಾಡುತ್ತಾರೆ. ಅಣ್ಣ ಮನೆಯಲ್ಲೂ ಯಾಕೆ ಕೂಗಿ ಮಾತಾಡುತ್ತಿದ್ದ ಎಂಬುದು ನನಗೆ ಅಲ್ಲಿ ಅರ್ಥವಾಯಿತು. ಎರಡು ದೊಡ್ಡ ಯಂತ್ರಗಳಿವೆ. ಒಂದೊಂದರ ಹೊಟ್ಟೆಯಲ್ಲೂ ಹತ್ತಾರು ಕಂಪ್ಯೂಟರುಗಳು ತಾವು ಬೇರೆ ಬೇರೆ ಎಂದುಕೊಂಡು ಕೆಲಸ ಮಾಡುತ್ತವೆ. ಅವುಗಳಿಗೆ ಸ್ವಂತ ಡಿಸ್ಕ್ ಇಲ್ಲ. ಬರೆಯಬೇಕಾದದ್ದನ್ನೆಲ್ಲ ಕೇಬಲ್ ಮೂಲಕ ಮೂಲೆಯ ಸ್ಟೋರೇಜ್ ಪೆಟ್ಟಿಗೆಗೆ ಕಳಿಸುತ್ತವೆ. ಸೆಕೆಂಡಿಗೆ ನೂರು ಮೆಗಾಬೈಟ್ ಸಾಗಬಲ್ಲ ಆ ದಾರಿಯಲ್ಲಿ ಆರು ಸಾಗುತ್ತಿತ್ತು.

ನಾನು ಕೇಬಲ್ಲುಗಳಿಂದ ಶುರು ಮಾಡಿದೆ. ಪ್ರತಿಯೊಂದರ ತುದಿಗೂ ಹಳದಿ ಟೇಪು ಸುತ್ತಿತ್ತು. ಪರೀಕ್ಷಿಸಿದ್ದಕ್ಕೆಲ್ಲ ಟೇಪು ಸುತ್ತುವ ಅಣ್ಣನ ಚಾಳಿ ನಿಮಗೆ ಹೇಳಬೇಕೆ? ನಿಮ್ಮ ಮಿಕ್ಸಿಯ ವೈರಿಗೂ ಇನ್ನೂ ಅಂಟಿಕೊಂಡಿದೆ. ಸ್ವಿಚ್ಚಿನ ಪೋರ್ಟುಗಳು, ನೆಟ್‌ವರ್ಕ್ ಕಾರ್ಡುಗಳು, ಡಿಸ್ಕುಗಳು, ಒಂದೊಂದನ್ನೇ ಬೇರ್ಪಡಿಸಿ ನೋಡುತ್ತ ಹೋದೆ. ಕೈಯಿಟ್ಟಲ್ಲೆಲ್ಲ ಹಳದಿ ಟೇಪು. ಅವನು ನಡೆದ ದಾರಿಯಲ್ಲೇ ಅವನ ಹಿಂದೆ ನಡೆಯುತ್ತಿದ್ದೆ. ಬಿಡಿಬಿಡಿಯಾಗಿ ಎಲ್ಲವೂ ಸರಿ, ಕೂಡಿಸಿದರೆ ಆಮೆ. ಕೊನೆಗೆ ಓದುವುದನ್ನೂ ಬರೆಯುವುದನ್ನೂ ಬೇರೆ ಬೇರೆ ಅಳೆದೆ. ಓದು ಓಡುತ್ತಿತ್ತು, ಬರಹ ಮಾತ್ರ ಕುಂಟುತ್ತಿತ್ತು. ಹಾಗಾದರೆ ತೊಂದರೆ ದಾರಿಯದ್ದಲ್ಲ.

ನೀವು ಈ ಮನೆಗೆ ಬಂದಾಗ ಬೀರುವನ್ನು ಮಹಡಿಗೆ ಏರಿಸಿದ್ದು ನೆನಪಿದೆಯೇ? ಮೆಟ್ಟಿಲ ತಿರುವಿನಲ್ಲಿ ನಾನು ಮೇಲೆ, ಅಣ್ಣ ಕೆಳಗೆ. ಪ್ರತಿ ಹೆಜ್ಜೆಗೂ ನಾನು ಬಾಯಿಬಿಟ್ಟು "ಹಿಡಿದೆ" ಎನ್ನಬೇಕಿತ್ತು, ಇಲ್ಲದಿದ್ದರೆ ಅವನು ಕೈ ಸಡಿಲಿಸುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸ ಒಂದು ಗಂಟೆಯಾಯಿತು. "ಮದುವೆಗೆ ನನ್ನ ಒಪ್ಪಿಗೆನೂ ಹೀಗೇ ಎರಡೆರಡು ಸಲ ಹೇಳಿಸ್ಕೊಂಡ್ರು ಮಹಾರಾಯರು" ಎಂದು ನೀವು ಕೆಳಗಿನಿಂದ ನಕ್ಕಿರಿ.

ಆ ಪೆಟ್ಟಿಗೆ ಮಾಡುತ್ತಿದ್ದದ್ದು ಅದನ್ನೇ. ಆ ಕಂಪ್ಯೂಟರುಗಳಿಂದ ಬಂದ ಪ್ರತಿ ತುಣುಕೂ ಡಿಸ್ಕಿನ ಮೇಲೆ ನಿಜವಾಗಿ ಕೂತ ನಂತರವೇ "ಹಿಡಿದೆ" ಎನ್ನುತ್ತಿತ್ತು, ಆಮೇಲಷ್ಟೇ ಮುಂದಿನದು. ಹಳೆಯ ಡಿಸ್ಕುಗಳಾದ್ದರಿಂದ ಪ್ರತಿ ಸಲವೂ ಕಾಯಬೇಕು. ಪರಿಹಾರ ಎರಡು. ಕರೆಂಟ್ ಹೋದರೂ ಮರೆಯದ ಚಿಕ್ಕದೊಂದು ವೇಗದ ಡಿಸ್ಕನ್ನು ನಡುವೆ ಹಾಕುವುದು ಒಂದು. ಕಾಯುವುದನ್ನೇ ನಿಲ್ಲಿಸಿ, ಕೈಗೆ ಬರುವ ಮೊದಲೇ "ಹಿಡಿದೆ" ಎಂದು ಸುಳ್ಳು ಹೇಳುವಂತೆ ಪೆಟ್ಟಿಗೆಗೆ ಹೇಳಿಕೊಡುವುದು ಇನ್ನೊಂದು. ಅದಕ್ಕೆ ಒಂದೇ ಸೆಟ್ಟಿಂಗ್ ಸಾಕು. ಕರೆಂಟ್ ಇರುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಅಣ್ಣ ಚಿಕ್ಕ ಡಿಸ್ಕನ್ನು ಕೇಳಿದ್ದ, ಕೇಳುತ್ತಲೇ ಇದ್ದ. ಮುಖ್ಯಸ್ಥರು ಎಷ್ಟು ಹೇಳಿದರೂ ಸೆಟ್ಟಿಂಗ್ ಬದಲಿಸಲು ಒಪ್ಪಿರಲಿಲ್ಲ. ಇಷ್ಟನ್ನು ನಿಮಗೆ ಹೇಳಿ ನಿಲ್ಲಿಸಿಬಿಟ್ಟಿದ್ದರೆ ಎಷ್ಟು ಹಗುರವಾಗುತ್ತಿತ್ತು.

ಆದರೆ ಸೆಟ್ಟಿಂಗ್ ಬದಲಿಸಿದ್ದು ಅಣ್ಣನೇ, ಅತ್ತಿಗೆ.

ಇದನ್ನು ನನಗೆ ಹೇಳಿದವರು ಅಲ್ಲಿ ಎಲ್ಲರೂ ಗಾಜಕ್ಕ ಎಂದು ಕರೆಯುವ ಹೆಂಗಸು. ರೋಗಿಗಳ ಮಜ್ಜೆಯ ಸ್ಯಾಂಪಲ್ಲುಗಳನ್ನು ಗಾಜಿನ ಟ್ರೇಗಳಲ್ಲಿ ಪರೀಕ್ಷೆಯ ಯಂತ್ರಕ್ಕೆ ಕೊಡುವುದು ಅವರ ಕೆಲಸ. ಹಿಂದಿನ ಟ್ರೇಯ ರೀಡಿಂಗುಗಳನ್ನು ಬರೆದು ಮುಗಿಯದೆ ಯಂತ್ರ ಮುಂದಿನದನ್ನು ತೆಗೆದುಕೊಳ್ಳುವುದಿಲ್ಲ. ಫ್ರಿಜ್ಜಿನಿಂದ ಹೊರತೆಗೆದ ಸ್ಯಾಂಪಲ್ ಕಾಯುತ್ತ ಕೂತರೆ ಸತ್ತುಹೋಗುತ್ತದೆ. ದಿನವೂ ಒಂದಷ್ಟನ್ನು ಅವರು ಎಸೆಯುತ್ತಿದ್ದರು. ಅಣ್ಣನ ಆ ಕೊನೆಯ ಶುಕ್ರವಾರ ಮಧ್ಯಾಹ್ನ ಟ್ರೇಯನ್ನು ತಂದು ಅಣ್ಣನ ಮೇಜಿನ ಮೇಲಿಟ್ಟರಂತೆ. "ಕೋಪ ಬಂದಿತ್ತಪ್ಪ. 'ನೋಡಿ ಸಾರ್, ಇವೂ ಹೋದ್ವು. ಮೂಳೆಗೆ ಸೂಜಿ ಹಾಕಿಸ್ಕೊಂಡು ಅತ್ತಿದಾರೆ ಜನ, ಅವರಿಗೆ ನೀವೇ ಹೇಳಿ' ಅಂದ್ಬಿಟ್ಟೆ."

ಅವರಿನ್ನೂ ಅಲ್ಲೇ ನಿಂತಿದ್ದಾಗ ನಿಮ್ಮ ಫೋನ್ ಬಂದಿದೆ. ಬೆಳಗಿನಿಂದ ಅವನಿಗೆ ಎದೆನೋವಿತ್ತು, ಸಂಜೆಗೆ ನೀವು ಡಾಕ್ಟರನ್ನು ಗೊತ್ತುಮಾಡಿದ್ದಿರಿ. ಆ ಕೋಣೆಯಲ್ಲಿ ಎಲ್ಲರ ಫೋನೂ ಪಕ್ಕದವರಿಗೆ ಕೇಳುವಷ್ಟು ಜೋರಾಗಿರುತ್ತದೆ, ನಿಮ್ಮ ಮಾತು ಗಾಜಕ್ಕನಿಗೂ ಕೇಳಿತಂತೆ. "ಅವರು ಹೇಳ್ದಂಗೆ ಮಾಡಿಟ್ಟು ಮನೆಗೆ ಬನ್ನಿ. ಒಂದು ದಿನಕ್ಕೆ ಏನೂ ಮುಳುಗಿ ಹೋಗಲ್ಲ." ಅಣ್ಣ "ಆಯ್ತು, ಬಂದೆ" ಎಂದ. ಕೀಲಿಮಣೆಯ ಕಡೆ ತಿರುಗಿದ. ಬರಹ ಓಡತೊಡಗಿತು. "ಸೋಮವಾರ ವಾಪಸ್ ಹಾಕ್ತೀನಿ, ಅಷ್ಟರಲ್ಲಿ ಕರೆಂಟ್ ಹೋದ್ರೆ ನಡೆಸೋ ಬ್ಯಾಟರಿನಾದ್ರೂ ಯಾರಾದ್ರೂ ಪರೀಕ್ಷೆ ಮಾಡ್ಲಿ" ಎಂದು ಪಕ್ಕದವರಿಗೆ ಹೇಳಿ ಹೊರಟ.

ಭಾನುವಾರ ಏನಾಯಿತೆಂದು ನಿಮಗೆ ನಾನು ಬರೆಯಬೇಕಿಲ್ಲ.

ಸೋಮವಾರ ಯಾರೂ ವಾಪಸ್ ಹಾಕಲಿಲ್ಲ. ವೇಗ ಬಂದಿತ್ತು, ಯಾಕೆ ಬಂತೆಂದು ಯಾರೂ ಕೇಳಲಿಲ್ಲ. ಅಣ್ಣನ ಜಾಗಕ್ಕೆ ಬಂದವರಿಗೆ ಅದು ಮೊದಲಿನಿಂದಲೂ ಹಾಗೆಯೇ ಇದ್ದದ್ದು. ಅವನು ಕೇಳಿದ್ದ ಚಿಕ್ಕ ಡಿಸ್ಕ್ ಅವನ ತಿಂಗಳ ತಿಥಿಯ ಹೊತ್ತಿಗೆ ಬಂದು, ಕಪಾಟಿನ ಮೇಲೆ ಸೀಲು ಒಡೆಯದೆ ಕೂತಿತು. ಬ್ಯಾಟರಿಯನ್ನು ಯಾರೂ ಮುಟ್ಟಲಿಲ್ಲ. ಕರೆಂಟ್ ಹೋದಾಗ ಅದು ಒಂದು ನಿಮಿಷವೂ ನಿಲ್ಲಲಿಲ್ಲ. "ಹಿಡಿದೆ" ಎಂದು ಹೇಳಿಯೂ ಹಿಡಿಯದಿದ್ದದ್ದೆಲ್ಲ ಕೆಳಗೆ ಬಿತ್ತು, ಬೀಳುವಾಗ ಇಡೀ ರೀಡಿಂಗುಗಳ ಕಡತವನ್ನೇ ಮುರಿಯಿತು. ಹಿಂದೆಂದೋ ತೆಗೆದಿಟ್ಟಿದ್ದ ನಕಲಿನ ನಂತರದ್ದು ಯಾವುದೂ ಸಿಗಲಿಲ್ಲ. ರೋಗಿಗಳನ್ನು ಮತ್ತೆ ಕರೆದು ಸೂಜಿ ಹಾಕುತ್ತಿದ್ದಾರೆ. ಕರೆದರೂ ಬರಲಾಗದವರು ಕೆಲವರು ಇದ್ದಾರೆ. ಅವರ ಮನೆಗಳಿಗೆ ಫೋನ್ ಮಾಡುವ ಕೆಲಸವೂ ಗಾಜಕ್ಕನ ಪಾಲಿಗೇ ಬಂದಿದೆ.

ನಿಮ್ಮ ಫೋನಿನ ವಿಷಯವನ್ನು ಬರೆಯಬೇಕೇ ಬೇಡವೇ ಎಂದು ಬಹಳ ಯೋಚಿಸಿದೆ. ಗಾಜಕ್ಕ ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಅದು ವಕ್ರವಾಗಿ ನಿಮ್ಮನ್ನು ತಲುಪುವುದು ಬೇಡವೆನಿಸಿತು. ನೀವು ಏನು ಕೇಳಿಕೊಳ್ಳುತ್ತೀರೆಂದು ಗೊತ್ತು. ನಿಮ್ಮ ಗೀಸರ್ ಕೆಟ್ಟಾಗ ನಾನು ಪ್ಲಗ್ಗನ್ನೂ ಫ್ಯೂಸನ್ನೂ ಒಟ್ಟಿಗೆ ಬದಲಾಯಿಸಿದ್ದಕ್ಕೆ ಅಣ್ಣ ಕೂಗಾಡಿದ್ದ. "ಒಂದು ಸಲಕ್ಕೆ ಒಂದೇ ಬದಲಾಯಿಸು ಅಂತ ಎಷ್ಟು ಬಡ್ಕೊಳ್ಳಿ? ಈಗ ಕೆಟ್ಟಿದ್ದು ಯಾವ್ದು ಅಂತ ಯಾರಿಗೆ ಗೊತ್ತು, ನಿಮ್ಮಪ್ಪಂಗಾ?" ಇಬ್ಬರಿಗೂ ಅಪ್ಪ ಒಬ್ಬರೇ ಎಂದು ನೀವು ನೆನಪಿಸಿದ ಮೇಲೆ ಅವನಿಗೇ ನಗು ತಡೆಯಲಾಗಲಿಲ್ಲ. ಆ ಶುಕ್ರವಾರ ಟ್ರೇ ಮತ್ತು ಫೋನು ಒಟ್ಟಿಗೆ ಬಂದವು. ಎದೆನೋವೂ ಇತ್ತು. ಅವನ ಕೈಯನ್ನು ತಿರುಗಿಸಿದ್ದು ಯಾವುದೆಂದು ಅವನ ಲೆಕ್ಕದಲ್ಲೇ ಯಾರೂ ಹೇಳಲಾರರು, ನೀವೂ ಕೂಡ. ಇದು ಸಮಾಧಾನದ ಮಾತಲ್ಲ. ನನ್ನ ಕಸುಬಿನಲ್ಲಿ ಇದಕ್ಕಿಂತ ಮುಂದೆ ಹೋಗಿ ಹೇಳಿದರೆ ಅದು ಊಹೆ. ಒಂದು ಮಾತ್ರ ಅಳೆಯಬಹುದಾದದ್ದು: ಆ ಫೋನಿನಿಂದ ಅವನು ಮನೆಗೆ ಬಂದ. ಶನಿವಾರ ಮಗಳು ಪುಟ್ಟಿಯ ಸೈಕಲ್ಲಿಗೆ ಚೈನು ಹಾಕಿಕೊಟ್ಟ.

ವರದಿಯಲ್ಲಿ ಸೆಟ್ಟಿಂಗ್ ಬದಲಿಸಿದ್ದು ಅಣ್ಣ ಎಂದು ಬರೆದೆ. ಸೀಲು ಒಡೆಯದ ಡಿಸ್ಕನ್ನೂ ಮುಟ್ಟದ ಬ್ಯಾಟರಿಯನ್ನೂ ಬರೆದೆ. ಮುಖ್ಯಸ್ಥರು ಓದಿ, ಮೊದಲ ಭಾಗ ಸಾಕು ಎಂದರು. "ಹೋದವರಿಗೆ ಇನ್ನೇನಾಗ್ಬೇಕು ಹೇಳಿ? ಇರೋರು ಬದುಕ್ಬೇಕಲ್ವಾ?" ನಾನು ತೆಗೆಯಲಿಲ್ಲ. ಈಗ ಬೇರೆ ಯಾರಿಂದಲೋ ಇನ್ನೊಂದು ವರದಿ ಬರೆಸುತ್ತಿದ್ದಾರೆ. ಅದರಲ್ಲಿ ಅಣ್ಣನ ಹೆಸರೊಂದೇ ಇರುತ್ತದೆ. ಆ ಮಾತು ನಿಮ್ಮ ಕಿವಿಗೆ ಬೀಳುವ ಮೊದಲು ಇದು ನಿಮ್ಮ ಕೈಯಲ್ಲಿರಲಿ.

ಹೊರಡುವ ಮುನ್ನ ಆ ಚಿಕ್ಕ ಡಿಸ್ಕನ್ನು ಹಾಕಿ ಬಂದೆ. ಟೀ ಕುಡಿದು ಮುಗಿಸುವಷ್ಟು ಹೊತ್ತಿನ ಕೆಲಸ. ಪೆಟ್ಟಿಗೆ ಈಗ ಸುಳ್ಳೂ ಹೇಳುತ್ತಿಲ್ಲ, ತೆವಳುತ್ತಲೂ ಇಲ್ಲ. ಅಣ್ಣನ ಡ್ರಾಯರಿನಲ್ಲಿ ಹಳದಿ ಟೇಪಿನ ಸುರುಳಿಯಿತ್ತು, ಅದರ ಕೊನೆಯ ತುಂಡನ್ನು ಆ ಡಿಸ್ಕಿಗೆ ಸುತ್ತಿದೆ.

ಓದಿದ ಮೇಲೆ ಬೈಯುವುದಿದ್ದರೆ ಬೈಯಿರಿ, ಅಳುವುದಿದ್ದರೆ ಅಳಿರಿ, ನನ್ನ ಮುಖ ನೋಡುವುದಿಲ್ಲವೆಂದರೆ ಅದೂ ಸರಿ. ಆದರೆ ಪುಟ್ಟಿಯ ಕೈಯಲ್ಲಾದರೂ ಫೋನ್ ಮಾಡಿಸಿ, ಹಿಡಿದೆ ಎಂದು ಒಂದು ಮಾತು ಹೇಳಿಸಿ. ಇದು ಒಬ್ಬರೇ ಹೊರುವ ಭಾರವಲ್ಲ. ನೀವು ಹೇಳುವವರೆಗೆ ಈ ತುದಿಯನ್ನು ನಾನು ಬಿಡುವುದಿಲ್ಲ. ಹೇಳಿದ ಮೇಲೂ ಬಿಡುವುದಿಲ್ಲ.

ಪುಟ್ಟಿ ನೂರು ವರ್ಷ ಬಾಳಲಿ. ನಿಮಗೆ ನಿದ್ದೆ ಬರಲಿ.

ಮೇಲಿನ ಮೆಟ್ಟಿಲಲ್ಲಿ ನಿಂತಿರುವ,
ನಿಮ್ಮ ಮೈದುನ