ಇನ್‌ಚಾರ್ಜ್ ಡಾಕ್ಟರ ಸಹಿ

೩ ಜೂನ್, ಊಟದ ಹೊತ್ತು

ಆಸ್ಪತ್ರೆಯ ನೆರವು ಕೌಂಟರಿಗೆ ಬೆಳಿಗ್ಗೆಯಿಂದ ಹನ್ನೊಂದು ಅರ್ಜಿ. ಎರಡರಲ್ಲಿ ಆದಾಯ ಪ್ರಮಾಣಪತ್ರವಿಲ್ಲ. ಒಂದರಲ್ಲಿ ಗಂಡನ ಫೈಲಿಗೆ ಮೈದುನನ ಫೋಟೊ! ವಾಪಸ್ ಕಳಿಸಿದೆ, ಮನಸ್ಸಿಲ್ಲದೆ.

ಹೃದ್ರೋಗ ವಾರ್ಡಿನಿಂದ ಒಂದು ತುರ್ತು. ಬೀಗ ರಿಪೇರಿಯವರು, ನಲವತ್ತೆಂಟು ವರ್ಷ. ಎದೆಬಡಿತ ನಿಮಿಷಕ್ಕೆ ಮೂವತ್ತು. ಸದ್ಯಕ್ಕೆ ಕುತ್ತಿಗೆಯ ಹತ್ತಿರ ತಾತ್ಕಾಲಿಕ ತಂತಿ ಹಾಕಿ ನಡೆಸುತ್ತಿದ್ದಾರೆ. ಪೇಸ್‌ಮೇಕರ್ ಬೇಕು. ಬಡರೋಗಿಗಳ ನೆರವು ನಿಧಿಯಲ್ಲಿ ಹಣವಿದೆ. ಆದರೆ ಮಂಜೂರು ಮಾಡುವ ಸಮಿತಿ ಸೇರುವುದು ಹದಿನೈದಕ್ಕೆ.

ಅವರ ಹೆಂಡತಿ ಕೌಂಟರಿನ ಮುಂದೆ. “ಅಕ್ಕಾ, ಹದಿನೈದು ಅಂದ್ರೆ ಇನ್ನೂ ಹನ್ನೆರಡು ದಿನ. ಆ ತಂತಿ ಅಲ್ಲೀವರೆಗೂ ತಡೆಯುತ್ತಾ?”

ಏನೋ ಹುಡುಕುವವಳಂತೆ ಡ್ರಾಯರ್ ಎಳೆದೆ.

೪ ಜೂನ್

ನಿಯಮದ ಪುಸ್ತಕ ತಿರುವಿದೆ. ಜೀವಕ್ಕೆ ಅಪಾಯವಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಮಂಜೂರು ಮಾಡಬಹುದು, ಸಮಿತಿ ಆಮೇಲೆ ಒಪ್ಪಿದರೆ ಸಾಕು. ಹಿಗ್ಗಿದೆ. ಮರುಕ್ಷಣ ನೆನಪಾಯಿತು — ಮುಖ್ಯಸ್ಥರಿಗೆ ವರ್ಗವಾಗಿದೆ. ಈಗ ಕಣ್ಣಿನ ಡಾಕ್ಟರೇ ಇನ್‌ಚಾರ್ಜ್.

ಹೋದೆ. “ನೋಡಿ ಅಮ್ಮಾ, ನಾಲ್ಕು ದಿನದ ಕುರ್ಚಿ ನಂದು. ಹಿಂದೆ ಹೀಗೇ ಒಂದು ಸಹಿ ಹಾಕಿ ಎರಡು ವರ್ಷ ವಿಚಾರಣೆಗೆ ಅಲೆದಿದ್ದೀನಿ. ಹಾವು ಕಡಿದವನಿಗೆ ಹಗ್ಗ ಕಂಡ್ರೂ ಭಯ. ಸಮಿತಿಗೇ ಇಡಿ.”

ಕೆಟ್ಟ ಮನುಷ್ಯರಲ್ಲ. ಅದೇ ಕಷ್ಟ... ಬೈದುಕೊಳ್ಳಲೂ ಆಗದು.

ಮನೆಯಲ್ಲಿ ಇವರು: “ನಿಂಗ್ಯಾಕೆ ಇಲ್ಲದ ಉಸಾಬರಿ?”

೬ ಜೂನ್, ಸಂಜೆ ೪

ಹೃದ್ರೋಗದ ಡಾಕ್ಟರಮ್ಮನ ಫೋನ್. ಬೆಳಿಗ್ಗೆ ತಂತಿ ಜರುಗಿ ಬಡಿತ ಕೆಲವು ಕ್ಷಣ ನಿಂತೇಹೋಗಿತ್ತಂತೆ. ಮತ್ತೆ ಕೂರಿಸಿದ್ದಾರೆ. ಇನ್ನೆಷ್ಟು ದಿನ ತಡೆಯುತ್ತದೋ.

ಈ ಸಲ ಕಣ್ಣಿನ ಡಾಕ್ಟರ ಮುಂದೆ ಫೈಲ್ ಇಡಲಿಲ್ಲ. “ಸರ್, ಸಹಿ ಆಮೇಲಿನ ಮಾತು. ಒಂದ್ಸಲ ವಾರ್ಡಿಗೆ ಬನ್ನಿ.”

ಬಂದರು. ಬೀಗದವರ ಹೆಂಡತಿ ಎದ್ದು ನಿಂತಳು. “ಡಾಕ್ಟ್ರೇ, ಇವ್ರು ಕಣ್ಣು ಮುಚ್ಚಿದ್ರೆ ನಂಗೆ ಜೀವ ಹೋಗತ್ತೆ. ಅಲ್ಲಾಡಿಸಿ ಎಬ್ಬಿಸ್ತೀನಿ. ಪಾಪ, ನನ್ನ ಕಾಟಕ್ಕೆ ಇವ್ರಿಗೆ ನಿದ್ದೆನೇ ಇಲ್ಲ.”

ಡಾಕ್ಟರು ಮಾನಿಟರ್ ನೋಡುತ್ತ ನಿಂತರು. ಹೊರಗೆ ಬಂದ ಮೇಲೆ ಕೇಳಿದರು, “ನಿಯಮದಲ್ಲಿ ಅವಕಾಶ ಇದೆ ಅಂತ ಟಿಪ್ಪಣಿ ಬರೀತೀರಾ? ನಿಮ್ಮ ಹೆಸರಲ್ಲಿ?”

“ಬರೀತೀನಿ ಸರ್.”

ಬಾಯಿ ಹೇಳಿಬಿಟ್ಟಿತು. ಅಲ್ಲೇ ನಿಂತು ಬರೆದೆ. ಗೋಡೆಗೆ ಫೈಲ್ ಒತ್ತಿ ಸಹಿ ಹಾಕಿದರು.

೭ ಜೂನ್

ಆಪರೇಷನ್ ಆಯಿತು. ಬಡಿತ ಎಪ್ಪತ್ತು. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ — ಗಂಡ ಗೊರಕೆ ಹೊಡೆಯುತ್ತಿದ್ದಾರೆ. ಹೆಂಡತಿ ಎಬ್ಬಿಸಲಿಲ್ಲ.

೧೫ ಜೂನ್, ಮಧ್ಯಾಹ್ನ ೩

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಭಯ ನಿಜವಾದೀತೆಂಬ ಭಯ. ಸಮಿತಿ ಒಪ್ಪದಿದ್ದರೆ? ಕೆಲಸ, ಪಿಂಚಣಿ, ಮಗಳ ಓದು...

ಸಮಿತಿ ಸಭೆಯಲ್ಲಿ ಲೆಕ್ಕಾಧಿಕಾರಿ ಟಿಪ್ಪಣಿ ಎರಡು ಸಲ ಓದಿದರು. ಕನ್ನಡಕ ತೆಗೆದರು. “ಇದನ್ನ ಬರೆದವರು ಯಾರು?”

ಕಣ್ಣಿನ ಡಾಕ್ಟರು ನನಗಿಂತ ಮೊದಲು ಬಾಯಿ ತೆರೆದರು. “ಬರೆದದ್ದು ಅವರು. ಆದರೆ ರೋಗೀನ ಕಣ್ಣಾರೆ ನೋಡಿ ಸಹಿ ಹಾಕಿದ್ದು ನಾನು. ಕೇಳೋದನ್ನ ನನ್ನ ಕೇಳಿ.”

“ಕೇಳೋಕೆ ಏನಿದೆ ಸರ್? ನಿಯಮದ ಸಂಖ್ಯೆ ಸಮೇತ ಇದೆ. ಎಲ್ಲರೂ ಹೀಗೆ ಬರೆದಿದ್ರೆ ನನ್ನ ತಲೆಕೂದಲು ಉಳಿಯುತ್ತಿತ್ತು.”

ಎಲ್ಲರೂ ನಕ್ಕರು. ಒಪ್ಪಿಗೆ. ಎರಡೇ ನಿಮಿಷ! ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳು ಬಂತು. ಒಳ್ಳೆಯ ಅಳು.

೧೬ ಜೂನ್, ಊಟದ ಹೊತ್ತು

ಬೀಗದವರ ಮನೆಯಿಂದ ಫೋನ್. “ಅಕ್ಕಾ, ಬೆಳಿಗ್ಗೆಯಿಂದ ನನ್ನ ಜೊತೆ ಜಗಳ. ಪೂರ್ತಿ ಹುಷಾರಾಗಿದ್ದಾರೆ!”

ನಗುತ್ತಿದ್ದಾಗಲೇ ಕಣ್ಣಿನ ಡಾಕ್ಟರು ಕೌಂಟರಿಗೆ ಬಂದರು. ಮೊದಲ ಸಲ. “ತುರ್ತಿನ ಫೈಲ್ ಇನ್ನೂ ಯಾವುದಾದ್ರೂ ಇದ್ಯಾ?”

ಇತ್ತು. ಡಯಾಲಿಸಿಸ್‌ನ ಅಜ್ಜಿಯದು. ಡಾಕ್ಟರು ನಿಂತೇ ಇದ್ದಾರೆ, ಪೆನ್ನಿನ ಮುಚ್ಚಳ ತೆಗೆದು. ಅಜ್ಜಿಯ ಫೈಲ್ ಎಲ್ಲಿ...